ಗಂಟಲಿಗಿಳಿಯುವ ಹನಿ

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನನ್ನ ಮೇಲೆ ಮುನಿಸಿಕೊಳ್ಳುವುದು ಬೇಡ. ನಮ್ಮ ತಾಯಕ್ಕತ್ತೆಯ ಕಣ್ಣು ಹೋಗುವ ಹಂತಕ್ಕೆ ಬಂದದ್ದಕ್ಕೆ ಅರ್ಧ ಕಾರಣ ರೋಗ, ಉಳಿದರ್ಧ ನಾನು. ನಾನೇನು ಅವಳ ಕಣ್ಣಿಗೆ ಬೆರಳು ಹಾಕಲಿಲ್ಲ. ಬೆರಳು ಹಾಕಿದ್ದೂ ಉಂಟು, ಆದರೆ ಅದು ಆಮೇಲಿನ ಮಾತು. ಅದು ಉಪಕಾರದ ಬಾಬತ್ತು. ನಾನು ಮಾಡಿದ್ದು ಇಷ್ಟೇ: ಒಂದು ಸಂಜೆ ಅವಳ ಮುಂದೆ ಕೊಲ್ಹಾಪುರದ ಕಣ್ಣಿನ ಡಾಕ್ಟರರ ನಕಲು ಮಾಡಿದೆ. ಚೆನ್ನಾಗಿಯೇ ಮಾಡಿದೆ. ಅಷ್ಟು ಚೆನ್ನಾಗಿ ಮಾಡದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಪೆನ್ನಿಗೆ ಶಾಯಿ ತುಂಬಲು ಕುಳಿತಿದ್ದೆ. ಶಾಯಿ ತುಂಬುವ ಆ ಗಾಜಿನ ನಳಿಕೆ ನಿಮಗೂ ಗೊತ್ತು; ತಲೆಗೆ ರಬ್ಬರಿನ ಟೋಪಿ, ಹಿಂಡಿದರೆ ಉಗುಳುತ್ತದೆ, ಬಿಟ್ಟರೆ ನುಂಗುತ್ತದೆ. ಒಂದು ಹನಿ ತುದಿಗೆ ಬಂದು, ಬೀಳಲೋ ಬೇಡವೋ ಎಂದು ತೂಗಾಡುತ್ತ ನಿಂತಿತು. ಅಷ್ಟರಲ್ಲಿ ನನ್ನ ಎಡಗೈಯ ತೋರುಬೆರಳು ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಯಾರದೋ ಕಣ್ಣಿನ ಮೂಲೆಯನ್ನು ಹುಡುಕತೊಡಗಿತು. ಕಣ್ಣು ಅಲ್ಲಿರಲಿಲ್ಲ. ಹನಿ ಧೋತರದ ಮೇಲೆ ಬಿತ್ತು. ಆ ನೀಲಿ ಕಲೆಯನ್ನು ತೊಳೆಯುವುದು ಬಿಟ್ಟು ಇದನ್ನು ಬರೆಯಲು ಕುಳಿತಿದ್ದೇನೆ.

ನಕಲು ನನಗೆ ಹುಟ್ಟಿನಿಂದ ಬಂದ ಬೇನೆ. ನಮ್ಮ ಮನೆ ಇಚಲಕರಂಜಿಯಲ್ಲಿ. ಅಪ್ಪನದು ನಾಲ್ಕಾರು ಮಗ್ಗಗಳ ಸಣ್ಣ ಕಾರಖಾನೆ. ಮಾತು ಬರುವ ಮೊದಲೇ ನನಗೆ ಮಗ್ಗದ ಸದ್ದು ಬಂದಿತ್ತಂತೆ. ಅಪ್ಪ ಊಟಕ್ಕೆ ಕುಳಿತಾಗ ನಾನು ತೊಟ್ಟಿಲಲ್ಲಿ "ಖಟಕ್ ಖಟಕ್" ಎಂದರೆ, ಊಟದ ಹೊತ್ತಿನಲ್ಲಿ ಯಾರು ಮಗ್ಗ ಹೂಡಿದರು ಎಂದು ಅವರು ಎಂಜಲುಗೈಯಲ್ಲೇ ಎದ್ದು ಹೋಗುತ್ತಿದ್ದರಂತೆ. ಇದು ಅವ್ವ ಹೇಳಿದ್ದು. ಅರ್ಧ ನಂಬಿದರೆ ಸಾಕು. ಮುಂದೆ ಅಪ್ಪನ ಕೆಮ್ಮು ಬಂತು, ಶಾಲೆಯ ಮಾಸ್ತರರ ಸೀನು ಬಂತು, ಕೊಲ್ಹಾಪುರದ ಕಾಲೇಜಿಗೆ ಹೋದ ಮೇಲೆ ಪ್ರೊಫೆಸರರ ಇಂಗ್ಲಿಷೂ ಬಂತು. ಇಂಟರ್ ಪರೀಕ್ಷೆ ಪಾಸಾಗುವುದೊಂದು ಬರಲಿಲ್ಲ. ನಪಾಸಾದವನ ಮುಖ ಹೇಗಿರುತ್ತದೆ ಎಂಬುದನ್ನು ಮಾತ್ರ ನಾನು ಯಾರನ್ನೂ ನೋಡಿ ಕಲಿಯಬೇಕಾಗಿರಲಿಲ್ಲ.

ಅಪ್ಪ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದೇ ಸಲಕ್ಕೆ ಆಡಿ ಮುಗಿಸಿದರು: "ಗಡಹಿಂಗ್ಲಜಕ್ಕ ಹೋಗು. ಪದ್ಮಣ್ಣನ ಅಂಗಡ್ಯಾಗ ಬೆಲ್ಲ ತೂಗು. ಅಲ್ಲಿ ನಿನ್ನ ನಾಲಿಗಿಗಿ ಕೆಲಸ ಇರೂದಿಲ್ಲ, ಕೈಗಿ ಇರತೈತಿ."

ತಾಯಕ್ಕತ್ತೆ ಅಪ್ಪನ ಅಕ್ಕ. ಗಡಹಿಂಗ್ಲಜದ ಬೆಲ್ಲದ ವ್ಯಾಪಾರದ ಮನೆಗೆ ಅವಳನ್ನು ಕೊಟ್ಟಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ ಪದ್ಮಣ್ಣ ಅಂಗಡಿ ನೋಡಿಕೊಳ್ಳುತ್ತಿದ್ದ. ಅಂಗಡಿ ಮುಂದೆ, ಮನೆ ಹಿಂದೆ. ಸುತ್ತಲಿನ ಹಳ್ಳಿಗಳಲ್ಲಿ ಗಾಣ ಶುರುವಾದರೆ ನೂಲ ಎಂಬ ಊರಿನ ಕಡೆಯಿಂದ, ಹೊಳೆಯಾಚೆಯಿಂದ ಬೆಲ್ಲದ ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಚಾದರ ಹೊದ್ದರೂ ಬೆಲ್ಲದ ವಾಸನೆ, ಪುಸ್ತಕ ತೆರೆದರೂ ಬೆಲ್ಲದ ವಾಸನೆ. ಪುಸ್ತಕ ತೆರೆದದ್ದು ಕಡಿಮೆ, ಅದು ಬೇರೆ ಮಾತು. ಅಂಥ ಮನೆಯಲ್ಲಿ ಅತ್ತೆ ಒಬ್ಬಳೇ ಒಣಗುತ್ತ ಬಂದಿದ್ದಳು.

ಸೊರಗುವುದನ್ನು ನಾವು ಒಣಗುವುದು ಎನ್ನುತ್ತೇವಲ್ಲ, ಹಾಗಲ್ಲ. ಅವಳು ನಿಜವಾಗಿಯೂ ಒಣಗುತ್ತಿದ್ದಳು. ಮೊದಲು ಬೆರಳಿನ ಗಂಟುಗಳು ಬಾತವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ರೊಟ್ಟಿ ಬಡಿಯಲು ಹಿಟ್ಟಿನ ಮೇಲೆ ಕೈ ಇಟ್ಟರೆ ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚುವಳು. ವಾಯು ಎಂದರು, ಎಣ್ಣೆ ತಿಕ್ಕಿದರು. ಆಮೇಲೆ ಬಾಯಿ ಒಣಗಿತು. ಒಂದು ತುತ್ತಿಗೆ ಒಂದು ಗುಟುಕು ನೀರಿಲ್ಲದೆ ರೊಟ್ಟಿ ಗಂಟಲಿಗಿಳಿಯದು. ಕೊನೆಗೆ ಕಣ್ಣು. "ಕಣ್ಣಾಗ ಮಳಲ ತೂರಿಧಂಗ ಆಗತೈತೋ" ಎನ್ನುತ್ತ ಅವಳು ಪಟಪಟನೆ ರೆಪ್ಪೆ ಬಡಿಯುತ್ತಿದ್ದಳು. ಬಿಸಿಲಿಗೆ ಹೋಗಳು, ಒಲೆಯ ಹೊಗೆಗೆ ನಿಲ್ಲಳು. ಆ ರೆಪ್ಪೆ ಬಡಿಯುವುದನ್ನೂ ನಾನು ನಕಲು ಮಾಡಿದ್ದೇನೆ. ಅವಳೂ ನಕ್ಕಿದ್ದಾಳೆ. "ಮಂಗ್ಯಾ, ನಿನಗ ಬಂದರ ತಿಳೀತೈತಿ" ಎಂದು ನಗುತ್ತಲೇ ಹೇಳಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ದೊಡ್ಡಪ್ಪ ತೀರಿಕೊಂಡಾಗ ಆಯಿತು. ಅವರು ಇವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ಇಚಲಕರಂಜಿಯ ನಮ್ಮ ಪಡಸಾಲೆಯಲ್ಲಿ ಹೆಂಗಸರೆಲ್ಲ ತಲೆಗೆ ತಲೆ ಕೊಟ್ಟು ಅಳುತ್ತಿದ್ದರೆ, ಅತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ಎದೆ ಏರಿಳಿಯುತ್ತಿತ್ತು, ಗಂಟಲಿನಿಂದ ಸದ್ದು ಬರುತ್ತಿತ್ತು, ಕಣ್ಣಲ್ಲಿ ಒಂದು ಹನಿ ಇಲ್ಲ. "ಒಡಹುಟ್ಟಿದಾಂವ ಹೋದ್ರೂ ಕಣ್ಣಾಗ ನೀರಿಲ್ಲ ನೋಡ ಈಕಿಗಿ. ಕಲ್ಲ ಎದಿ" ಎಂದು ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು, ಹಾಗಾದರೆ ಅವಳಿಗೂ ಕೇಳಿಸಿರಬೇಕು. ಅವಳು ಸೆರಗಿನಿಂದ ಕಣ್ಣುಗಳನ್ನು ತಿಕ್ಕಿದಳು, ತಿಕ್ಕಿದಳು, ಅತ್ತವರ ಕಣ್ಣಿನ ಹಾಗೆ ಕೆಂಪಗಾಗುವವರೆಗೆ ತಿಕ್ಕಿದಳು. ನಕಲಿನಲ್ಲಿ ಅವಳೂ ನನ್ನ ಅತ್ತೆಯೇ ಎಂದು ಮನಸ್ಸಿನಲ್ಲೇ ಚೇಷ್ಟೆ ಮಾಡಲು ಹೊರಟು, ಅರ್ಧಕ್ಕೆ ನಿಲ್ಲಿಸಿದೆ.

ಔಷಧಗಳು ಊರ ತುಂಬ ಇದ್ದವು. ನಂದಿಬಟ್ಟಲ ಹೂವಿನ ನೀರು, ಹರಳೆಣ್ಣೆ, ಬಾಣಂತಿಯ ಹಾಲು, ಎಲ್ಲ ಆಯಿತು. ಜೇನು ಹಚ್ಚಿರೆಂದು ಒಬ್ಬರು ಹೇಳಿದರು. ಹುಳಗಳ ಹಿಂಸೆಯೆಂದು ಜೇನು ಮುಟ್ಟದ ಜೈನರ ಮನೆಯಲ್ಲಿ ಅದರ ಹೆಸರೆತ್ತಿದ್ದಕ್ಕೆ ಅತ್ತೆ ಅವರಿಗೆ ಚಹಾ ಕೊಡದೆ ಕಳಿಸಿದಳು. ಕೊನೆಗೆ ಪದ್ಮಣ್ಣ ನನ್ನನ್ನು ಜೊತೆಗೆ ಕೊಟ್ಟು ಕೊಲ್ಹಾಪುರದ ಕಣ್ಣಿನ ಡಾಕ್ಟರರ ಹತ್ತಿರ ಕಳಿಸಿದ. ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ನಾವು ಇಳಿದು, ಮೋಟಾರಿಗೆ ವಿಶ್ರಾಂತಿ ಕೊಟ್ಟು, ನಡೆದು ಹೋಗಿ ಮೇಲೆ ಕಾಯಬೇಕು. ಕಾಗಲಕ್ಕೆ ಬರುವಷ್ಟರಲ್ಲಿ ಹೊಗೆಗೂ ಧೂಳಿಗೂ ಅತ್ತೆಯ ಕಣ್ಣು ತೆರೆಯದಂತಾಗಿ, ಅವಳು ಕುರುಡರ ಹಾಗೆ ನನ್ನ ತೋಳು ಹಿಡಿದು ಕುಳಿತಿದ್ದಳು.

ಡಾಕ್ಟರರು ನಡುವಯಸ್ಸಿನವರು, ಮರಾಠಿಯವರು. ಪೆನ್ಸಿಲಿನಿಂದ ಮುಂದಿನ ಹಲ್ಲನ್ನು ಟಕಟಕ ಬಡಿಯುತ್ತ ಯೋಚಿಸುವರು. ಮಾತು ಶುರುವಾದರೆ ಮೊದಲು "ಮ್ಹಣಜೇ ಅಸಂ ಬಘಾ" ಬರಲೇಬೇಕು. ಅಂದರೆ ಹೀಗೆ ನೋಡಿ, ಎಂದು. ನಕಲು ಮಾಡುವವನಿಗೆ ಇನ್ನೇನು ಬೇಕು? ಅತ್ತೆಯ ಕಣ್ಣಿನಲ್ಲಿ ಅವರು ಏನು ನೋಡಿದರೋ, ನಾನಂತೂ ಅವರನ್ನೇ ನೋಡುತ್ತ ಕಲಿಯುತ್ತಿದ್ದೆ. ಶಾಯಿ ಹೀರುವ ಕಾಗದದಂಥದೇ ಒಂದು ಕಾಗದದ ಚಿಕ್ಕ ಪಟ್ಟಿಯನ್ನು ಮಡಚಿ ಅವಳ ಕೆಳರೆಪ್ಪೆಗೆ ಸಿಕ್ಕಿಸಿ ಬಿಟ್ಟರು. ಸ್ವಲ್ಪ ಹೊತ್ತಿಗೆ ತೆಗೆದು ನನಗೆ ತೋರಿಸಿದರು. ಕಾಗದ ಹೇಗೆ ಹೋಗಿತ್ತೋ ಹಾಗೇ ಬಂದಿತ್ತು.

"ಅಳು ಬರತದ ಕಾ, ಬಾಯಿ?" ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿದರು. ಮರಾಠಿಯಲ್ಲಿ ಬಾಯಿ ಎಂದರೆ ಅವ್ವಾ ಎಂದ ಹಾಗೆ.

"ಅಳು ಬರತೈತ್ರಿ. ನೀರ ಬರೂದಿಲ್ಲ" ಎಂದಳು ಅತ್ತೆ.

ಡಾಕ್ಟರರು ಹಲ್ಲು ಬಡಿಯುವುದನ್ನು ನಿಲ್ಲಿಸಿದರು. ಅವಳ ಬೆರಳುಗಳನ್ನು ನೋಡಿದರು, ನಾಲಿಗೆ ನೋಡಿದರು. ಗಂಟು ನೋವು, ಬಾಯಿ, ಕಣ್ಣು ಮೂರೂ ಬೇರೆ ಬೇರೆಯಲ್ಲ, ಒಂದೇ ರೋಗದ ಮೂರು ಮುಖಗಳು ಎಂದು ಆಮೇಲೆ ನನಗೆ ತಿಳಿಸಿ ಹೇಳಿದರು. ಯಾಕೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಮೈ ತನ್ನ ಮೇಲೆ ತಾನೇ ಮುನಿಸಿಕೊಂಡು ತನ್ನ ಸೆಲೆಗಳನ್ನು ತಾನೇ ಮುಚ್ಚಿಕೊಂಡ ಹಾಗೆ. ವಾಸಿಯಾಗುವುದಿಲ್ಲ. ಆದರೆ ಕಣ್ಣನ್ನು ಒಣಗಲು ಬಿಡದಿದ್ದರೆ ಕಣ್ಣು ಉಳಿಯುತ್ತದೆ. ಹದವಾಗಿ ಉಪ್ಪು ಬೆರೆಸಿ ಕುದಿಸಿದ ನೀರಿನ ಹನಿ ಹಗಲೆಲ್ಲ ತಾಸಿಗೊಮ್ಮೆ, ಮಲಗುವಾಗ ಎಣ್ಣೆಯ ಹನಿ, ನಡುವೆ ಎಚ್ಚರವಾದಾಗ ಮತ್ತೆ ನೀರಿನ ಹನಿ. ರಾತ್ರಿಯದನ್ನು ತಪ್ಪಿಸಲೇಬಾರದು ಎಂದು ಬೆರಳೆತ್ತಿ ಹೇಳಿದರು. ಅತ್ತೆ ಒಂದೇ ಮಾತು ಕೇಳಿದಳು: "ನೀರ ಸೋಸಿದ್ದ ಏನ್ರಿ?" ಕುದಿಸಿದ್ದು, ಸೋಸಿದ್ದು, ಮತ್ತೆ ಸೋಸಿದ್ದು ಎಂದ ಮೇಲೆ ಅವರು ಕೊಟ್ಟ ಹನಿಯ ಶೀಸೆಯನ್ನು ಸೆರಗಿಗೆ ಸುತ್ತಿಕೊಂಡಳು.

ಆ ಶೀಸೆ ಕೆಲಸ ಮಾಡಿತು. ಬೆಳಿಗ್ಗೆ ರೆಪ್ಪೆಗಳು ಅಂಟಿಕೊಳ್ಳುವುದು ನಿಂತಿತು. ಅತ್ತೆ ಅಂಗಳಕ್ಕೆ ಬಂದು ಅಕ್ಕಿ ಆರಿಸಲು ಕುಳಿತಳು. ಪದ್ಮಣ್ಣನ ಮುಖದ ಮೇಲೆ, ಬೆಲ್ಲದ ಧಾರಣೆ ಏರಿದಾಗ ಮಾತ್ರ ಕಾಣುವ ಕಳೆ ಬಂತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು ನಾನು.

ಒಂದು ಸಂಜೆ, ಹೊತ್ತು ಮುಳುಗುವ ಮೊದಲೇ ಎಲ್ಲರ ಊಟವಾಗಿತ್ತು. ನಮ್ಮವರಲ್ಲಿ ಊಟ ಹೊತ್ತಿದ್ದಾಗಲೇ ಮುಗಿಯುತ್ತದೆ. ಓಣಿಯ ನಾಲ್ಕು ಹೆಂಗಸರು ಬಂದು, "ಡಾಕ್ಟರ ಏನಂದ್ರು ತಾಯಕ್ಕಾ?" ಎಂದರು. ಅತ್ತೆ ನನ್ನ ಕಡೆ ಕೈ ತೋರಿಸಿದಳು: "ಈ ಮಂಗ್ಯಾನ್ನ ಕೇಳ್ರಿ. ನಾ ಕಣ್ಣ ಮುಚ್ಚಿದ್ನಿ, ಇಂವಾ ತೆರೆದಿದ್ದ."

ನಾನು ಎದ್ದು ನಿಂತೆ. ಪದ್ಮಣ್ಣನ ಕಿವಿಯ ಮೇಲಿದ್ದ ಪೆನ್ಸಿಲು ಕಿತ್ತುಕೊಂಡು ಹಲ್ಲು ಬಡಿದೆ. "ಮ್ಹಣಜೇ ಅಸಂ ಬಘಾ" ಎಂದೆ. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ನಾನು ಇನ್ನೂ ಮೇಲಕ್ಕೇರಿದೆ. ಡಾಕ್ಟರರು ಅತ್ತೆಗೆ ಹೇಳದೆ, ಗೋಡೆಯ ಚಿತ್ರ ತೋರಿಸಿ ನನಗೊಬ್ಬನಿಗೇ ಹೇಳಿದ್ದನ್ನೂ ಹೊರತೆಗೆದೆ: "ರೆಪ್ಪಿ ಮೂಲ್ಯಾಗ, ಮೂಗಿನ ಬಾಜೂಕ, ಸಾಸಿವಿಗಿಂತ ಸಣ್ಣ ತೂತ ಇರತದ. ಅದು ಮೋರಿ! ಕಣ್ಣಿನ ನೀರು ಮೋರಿಯಿಂದ ಮೂಗಿಗೆ, ಮೂಗಿನಿಂದ ಥೇಟ ಗಂಟಲಕ್ಕ!" ಹಾಗೆಂದು ಡಾಕ್ಟರರ ಹಾಗೆಯೇ ಬೆರಳನ್ನು ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಸಿ, ಗುಟುಕ್ ಎಂದು ನುಂಗಿ ತೋರಿಸಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಪದ್ಮಣ್ಣನೂ ನಕ್ಕ.

ಅತ್ತೆ ನಗಲಿಲ್ಲ. "ಗಂಟಲಕ್ಕ?" ಎಂದಳು.

"ಹೌದ ಅತ್ತಿ, ಥೇಟ ಗಂಟಲಕ್ಕ" ಎಂದೆ ನಾನು, ಇನ್ನೂ ಡಾಕ್ಟರರ ಧ್ವನಿಯಲ್ಲೇ.

"ಅದಕ್ಕ ಅಂತೀನಿ. ಹನಿ ಹಾಕಿದ ಮ್ಯಾಲ ಗಂಟಲದಾಗ ಉಪ್ಪುಪ್ಪಾಗತಿತ್ತು. ನಾ ಬಾಯಿ ರೋಗ ಅಂತ ತಿಳಕೊಂಡಿದ್ನಿ." ಅವಳು ಶೀಸೆಯನ್ನು ನೋಡಿದಳು. ಹೊರಗೆ ಕತ್ತಲಾಗಿತ್ತು. ಶೀಸೆಯನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು.

ನಮ್ಮಲ್ಲಿ ಕೆಲವರು ಅನಸ್ತಮಿ ವ್ರತ ಹಿಡಿದಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಹೊತ್ತು ಮೂಡುವವರೆಗೆ ಅನ್ನವಿಲ್ಲ, ಹಣ್ಣಿಲ್ಲ, ಕಟ್ಟುನಿಟ್ಟಾಗಿ ಹಿಡಿದವರಿಗೆ ನೀರೂ ಇಲ್ಲ. ಅತ್ತೆ ಕಟ್ಟುನಿಟ್ಟಿನವಳು. ಬಾಯಲ್ಲಿ ಜೊಲ್ಲೇ ಹುಟ್ಟದ ಹೆಂಗಸು, ರಾತ್ರಿಯಿಡೀ ಒಣ ನಾಲಿಗೆಯನ್ನು ಅಂಗುಳಿಗೆ ಅಂಟಿಸಿಕೊಂಡು ಮಲಗಿ, ಹೊತ್ತು ಮೂಡಿದ ಮೇಲೆ ಮೊದಲ ಗುಟುಕು ಕುಡಿಯುತ್ತಿದ್ದಳು. ಅಂಥವಳು ತನಗರಿಯದೆ ಇಷ್ಟೊಂದು ರಾತ್ರಿಗಳಲ್ಲಿ ಗಂಟಲಿಗೆ ನೀರಿಳಿಸಿದ್ದಳು. ಅದು ಅವಳ ಲೆಕ್ಕ. ಮರುದಿನದಿಂದ ಮುರಿದ ರಾತ್ರಿಗಳಿಗಾಗಿ ಉಪವಾಸ ಶುರುವಾಯಿತು; ಹೊತ್ತು ಮುಳುಗಿದ ಮೇಲೆ ಕಣ್ಣಿಗೆ ಹನಿ ನಿಂತುಹೋಯಿತು.

ಪದ್ಮಣ್ಣ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ನಿನ್ನ ನಾಲಿಗಿಗಿ ಬೆಲ್ಲದ ಪೆಂಟಿ ಕಟ್ಟಬೇಕಲೇ ಭೂಪ್ಯಾ" ಎಂದಷ್ಟೇ ಹೇಳಿ, ಬಸ್ತಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನು ಕರೆತಂದ. ಉಪಾಧ್ಯೆಯವರು ಮೂಗಿನಲ್ಲಿ ಮಾತಾಡುವರು. ವಾಕ್ಯದ ಕೊನೆಯಲ್ಲಿ ಒಂದು ಗುಂಯ್ ಉಳಿಯುತ್ತದೆ. ಅತ್ತೆ ಅವರ ಮುಂದೆ ನೆಲದ ಮೇಲೆ ಕುಳಿತಳು.

"ನೋಡವ್ವಾ ತಾಯಕ್ಕಾ, ಔಷಧಕ್ಕ ದೋಷಿಲ್ಲ. ಶರೀರ ಇದ್ರ ಧರ್ಮ. ಕಣ್ಣಿಗಿ ಹಾಕೂದು ಆಹಾರ ಅಲ್ಲ. ಸುಮ್ನ ಹಾಕ್ಕೋ" ಎಂದರು.

"ಗಂಟಲಕ್ಕ ಬರತೈತ್ರಿ ಪಂಡಿತರ."

"ಬರಲಿ ಬಿಡು. ಶಾಸ್ತ್ರದಾಗ ಸವಲತ್ತ ಐತಿ."

"ಶಾಸ್ತ್ರದಾಗ ಐತ್ರಿ. ನನ್ನ ಮಾತಿನಾಗ ಇಲ್ಲ. ಚಾತುರ್ಮಾಸಕ್ಕ ಬಂದ ಮುನಿಗಳ ಮುಂದ ಕೈ ಜೋಡಿಸಿ ನಿಂತಾಗ ಅವರ ಕೇಳಿದ್ರು, ಔಷಧಕ್ಕ ಸವಲತ್ತ ಇರಲೇನವ್ವಾ ಅಂತ. ಬ್ಯಾಡ್ರಿ ಅಂದ್ನಿ."

ಉಪಾಧ್ಯೆಯವರು ಗುಂಯ್ ಎಂದು ಎದ್ದುಹೋದರು. ಅವರು ಬೀದಿ ದಾಟುವ ಮೊದಲೇ ಅವರ ಧ್ವನಿ ನನ್ನ ಗಂಟಲಿಗೆ ಬಂದು ಕುಳಿತಿತ್ತು. ನಾನು ಅದನ್ನು ನುಂಗಿಕೊಂಡೆ. ನಾನು ನಕಲನ್ನು ನುಂಗಿದ್ದು ಅದೇ ಮೊದಲು ಇರಬೇಕು.

ಪದ್ಮಣ್ಣ ಮಾತ್ರ ಬಿಡಲಿಲ್ಲ. "ಕಣ್ಣಿಗಿಂತ ವ್ರತ ಹೆಚ್ಚಾತೇನವ್ವಾ?" ಎಂದು ಕೂಗಾಡಿದ. ಆಗ ಅತ್ತೆ ಹೇಳಿದ ಮಾತು ನಾನು ಯಾರ ಧ್ವನಿಯಲ್ಲೂ ಹೇಳಲಾರೆ, ಬರೆಯಬಲ್ಲೆ. "ಮದಿವಿ ನಮ್ಮಪ್ಪ ಮಾಡಿದ. ಮನಿ ನಮ್ಮತ್ತಿ ನಡಸಿದ್ಲು. ವ್ಯಾಪಾರ ನೀ ಮಾಡತಿ. ನಾನಾಗಿ ಮಾಡಿದ್ದು ಅದೊಂದ ಐತೋ ಪದ್ಮಾ."

ಚಳಿ ಬಂತು. ರಾತ್ರಿಗಳು ಉದ್ದವಾದವು, ಗಾಳಿ ಒಣಗಿತು. ಬೆಳಿಗ್ಗೆ ರೆಪ್ಪೆಗಳನ್ನು ಒದ್ದೆ ಅರಿವೆಯಿಂದ ನೆನೆಸಿ ಬಿಡಿಸಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಎಡಗಣ್ಣು ಕೆಂಡದಂತಾಗಿ, ಅವಳಿಗೆ ಬಾಗಿಲಿನ ಬೆಳಕೂ ತಾಳಲಾಗಲಿಲ್ಲ. ಮತ್ತೆ ಇದ್ದಿಲಿನ ಮೋಟಾರು, ಮತ್ತೆ ಕೊಲ್ಹಾಪುರ. ಡಾಕ್ಟರರು ದೀಪ ಹಿಡಿದು ನೋಡಿ ಹೊರಗೆ ಕರೆದು ಹೇಳಿದರು: ಕಣ್ಣಿನ ಕರಿಯ ಭಾಗದ ಮೇಲೆ ಹುಣ್ಣಾಗಿದೆ, ಮಾಯ್ದರೂ ಅಲ್ಲಿ ಮಂಜು ಉಳಿಯುತ್ತದೆ. ಇನ್ನೊಂದು ಆದರೆ ಈ ಕಣ್ಣು ಹೋಗುತ್ತದೆ. ಬಲಗಣ್ಣೂ ಅದೇ ದಾರಿಯಲ್ಲಿದೆ. "ರಾತ್ರಿ ಹನಿ ಯಾಕ ಬಿಟ್ರಿ?" ಎಂದು ನನ್ನನ್ನೇ ಕೇಳಿದರು.

ಹೇಳಿದೆ. ವ್ರತ ಹೇಳಿದೆ, ಗಂಟಲು ಹೇಳಿದೆ, ಅವರ ನಕಲು ಮಾಡಿದ್ದನ್ನೂ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತರೆ, ಟಕಟಕ ಎಂದು ಹಲ್ಲಿನ ಸದ್ದು ಕೇಳಿತು. ಯೋಚಿಸುತ್ತಿದ್ದರು. ಒಳಗೆ ಹೋಗಿ ಅತ್ತೆಯ ಕಣ್ಣಿನ ಮೂಲೆಯಲ್ಲಿ, ಮೂಗಿಗೆ ತಾಗಿದ ಹಾಗೆ, ಬೆರಳಿಟ್ಟು ಒತ್ತಿದರು, ಹನಿ ಹಾಕಿದರು, ಒತ್ತಿಯೇ ಹಿಡಿದರು. "ಆತಾ? ಉಪ್ಪ ಬಂತ ಕಾ?" ಅತ್ತೆ ಬಹಳ ಹೊತ್ತು ಗಂಟಲನ್ನೇ ಆಲಿಸಿದಳು. "ಇಲ್ಲರಿ" ಎಂದಳು.

ಹೀಗೆ ಒತ್ತಿ ಹಿಡಿದರೆ ಮೋರಿಯ ಬಾಯಿ ಮುಚ್ಚಿರುತ್ತದೆ. ಅವಳ ಬಾತ ಬೆರಳಿಗೆ ಅದು ಸಾಧ್ಯವಿಲ್ಲ. ಪದ್ಮಣ್ಣನ ಬೆರಳು ಬೆಲ್ಲದ ಅಚ್ಚು ಬಡಿದು ದಪ್ಪವಾದದ್ದು. ಅದು ಕಣ್ಣಿನ ಮೂಲೆಗಲ್ಲ, ಕಣ್ಣಿಗೇ ಮುಚ್ಚಳವಾದೀತು. ಹಾಗಾಗಿ ಕೆಲಸ ನನಗೆ ಬಂತು. ದಿನಾ ಹೊತ್ತು ಮುಳುಗಿದ ಮೇಲೆ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಮುಖ ಮೇಲೆತ್ತುವಳು. ನಾನು ಒಂದು ಕೈಯಲ್ಲಿ ಒತ್ತಿ ಇನ್ನೊಂದರಲ್ಲಿ ಹನಿ ಬಿಡುವೆ. ಅವಳು ಮೆಲ್ಲಗೆ ಣಮೋಕಾರ ಮಂತ್ರ ಹೇಳಿಕೊಳ್ಳುವಳು. ಅದು ಹಲವು ಸಲ ಮುಗಿಯುವವರೆಗೆ ನಾನು ಅಲುಗಬಾರದು, ಮಾತಾಡಬಾರದು. ನನ್ನ ಬೆರಳ ತುದಿಗೆ ಅವಳ ನಾಡಿ ಬಡಿಯುವುದು ತಿಳಿಯುತ್ತಿತ್ತು. ಅಷ್ಟು ಹತ್ತಿರದಿಂದ ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಇಷ್ಟು ದಿನ ಮುಖಗಳನ್ನು ಕದಿಯಲು ನೋಡಿದ್ದೆ. ಈ ಮುಖದಲ್ಲಿ ಕದಿಯುವಂಥದ್ದು ಏನೂ ಸಿಗಲಿಲ್ಲ, ಸುಮ್ಮನೆ ನೋಡಿದೆ.

ಹುಣ್ಣು ಮಾಯತೊಡಗಿತು. ನನ್ನ ಮೇಲೆ ನನಗೇ ಹೆಮ್ಮೆ ಬಂತು. ಅದು ಬಂದಾಗಲೆಲ್ಲ ಕೇ‌ಡು ಕಾದಿರುತ್ತದೆ. ಒಂದು ಸಂಜೆ ನಾನು ಹೀಗೆ ಬೆರಳೊತ್ತಿ ಕುಳಿತಾಗ, ಹೊರಗೆ ಅಂಗಡಿಯಲ್ಲಿ ಪದ್ಮಣ್ಣ ಒಬ್ಬ ಕಿವುಡ ಗಿರಾಕಿಯ ಜೊತೆ ಜಗಳಕ್ಕೆ ನಿಂತಿದ್ದ. ಇವನು ಧಾರಣೆ ಕೂಗಿದರೆ ಅವನು ತನ್ನ ಎತ್ತಿನ ಆರೋಗ್ಯ ಹೇಳುತ್ತಿದ್ದ. ಬಾಯಿ ಬಿಗಿಹಿಡಿದೆ. ಆದರೆ ನಗು ಹೊಟ್ಟೆಯೊಳಗೆ ಎದ್ದು, ತೋಳಿಗಿಳಿದು, ಬೆರಳಿಗೆ ಬಂತು. ಬೆರಳು ಜಾರಿತು.

ಅತ್ತೆಯ ಗಂಟಲು ಒಮ್ಮೆ ಆಡಿತು. "ಬಂತು" ಎಂದಳು. ಅಷ್ಟೇ.

ಮರುದಿನ ಅವಳು ನೀರೂ ಮುಟ್ಟಲಿಲ್ಲ. ನಿಮ್ಮ ನನ್ನ ನಿರ್ಜಲ ಉಪವಾಸ ಬೇರೆ. ನಮಗೆ ಬಾಯಲ್ಲೇ ಒಂದು ಸೆಲೆಯಿದೆ. ಅವಳಿಗೆ ಅದೂ ಇಲ್ಲ. ಮಧ್ಯಾಹ್ನಕ್ಕೆ ತುಟಿ ಸೀಳಿತು, ಸಂಜೆಗೆ ಮಾತು ಹೊರಳಲಿಲ್ಲ. ನಾನು ತಂಬಿಗೆ ಹಿಡಿದು ಹೋದರೆ ಮುಖ ತಿರುಗಿಸಿದಳು, ಸಿಟ್ಟಿನಿಂದಲ್ಲ, ನೀರು ಕಣ್ಣಿಗೆ ಕಾಣಬಾರದೆಂದು. ಆ ದಿನ ನಾನು ಯಾರ ಹಾಗೂ ಮಾತಾಡಲಿಲ್ಲ. ನನ್ನ ಸ್ವಂತ ಧ್ವನಿ ಎಷ್ಟು ಸಣ್ಣದು ಎಂಬುದು ಆಗ ಗೊತ್ತಾಯಿತು.

"ತಪ್ಪಾತ ಅತ್ತಿ" ಎಂದೆ.

ಮರುದಿನ ಬೆಳಿಗ್ಗೆ ನೀರು ಕುಡಿದ ಮೇಲೆ ಉತ್ತರ ಬಂತು: "ನಿಂದೇನ ತಪ್ಪೋ. ಬೆರಳಿಗಿ ವ್ರತ ಇರತೈತೇನು?" ತಂಬಿಗೆ ಕೆಳಗಿಟ್ಟು, "ಆ ಡಾಕ್ಟರನ ಕೇಳು. ಬೆರಳಿಲ್ಲದ ಮುಚ್ಚಾಕ ಬರತೈತೇನು ಅಂತ."

ಬರುತ್ತದೆ ಎಂದರು ಡಾಕ್ಟರರು. ತಂತಿಯ ತುದಿಯನ್ನು ಕೆಂಪಗೆ ಕಾಸಿ ಆ ತೂತುಗಳ ಬಾಯಿಗೆ ಮುಟ್ಟಿಸಿದರೆ ಅವು ಸುಟ್ಟು ಮುಚ್ಚಿಕೊಳ್ಳುತ್ತವೆ. ಹಾಕಿದ ಹನಿ ಕಣ್ಣಿನಲ್ಲೇ ನಿಲ್ಲುತ್ತದೆ, ಅವಳದೇ ಕಣ್ಣೀರು ಅಷ್ಟಿಷ್ಟು ಹುಟ್ಟಿದರೆ ಅದೂ ನಿಲ್ಲುತ್ತದೆ. ವ್ರತವಿರಲಿ ಇಲ್ಲದಿರಲಿ, ಇಂಥ ಒಣಗಣ್ಣಿಗೆ ಅದು ಒಳ್ಳೆಯದೇ. ಮೊದಲು ಬೆರಳಿನಿಂದ ಒತ್ತಿ ನೋಡಿ ಆಮೇಲೆ ಹೇಳೋಣವೆಂದಿದ್ದೆ ಎಂದರು.

ಈ ಸಲ ಪದ್ಮಣ್ಣನೂ ಬಂದಿದ್ದ. "ಕಣ್ಣ ಸುಡೂದಾ? ಬ್ಯಾಡ. ಕಾಣದಿದ್ರ ಕಾಣದು. ನಾ ಕೈ ಹಿಡದ ನಡಸತೇನಿ ಅವ್ವಾ, ಜಲ್ಮ ಇರೂ ತನಕ ನಡಸತೇನಿ" ಎಂದು ಬಾಗಿಲಲ್ಲೇ ನಿಂತು ಅತ್ತ. ಅವನಿಗೆ ಕಣ್ಣೀರಿನ ಕೊರತೆ ಇರಲಿಲ್ಲ.

"ನಡಸತಿ ಖರೆ" ಎಂದಳು ಅತ್ತೆ. "ಕಾಳಿನಾಗಿನ ಹುಳ ಯಾರ ನೋಡತಾರ? ನೀರ ಸೋಸಿದ ಅರಿವ್ಯಾಗ ಜೀವ ಉಳದೈತಿ ಏನ ಅಂತ ಯಾರ ನೋಡತಾರ? ಕಣ್ಣ ಬೇಕೋ ನನಗ. ವ್ರತಾನೂ ಬೇಕು, ಕಣ್ಣೂ ಬೇಕು." ಆಮೇಲೆ ಡಾಕ್ಟರರ ಕಡೆ ತಿರುಗಿದಳು: "ಸುಟ್ಟ ಮ್ಯಾಲ ಗಂಟಲಕ್ಕ ಬರೂದಿಲ್ಲ ಹೌದಲ್ರಿ?"

"ನಾಹೀ ಬಾಯಿ. ಯೇಣಾರ ನಾಹೀ." ಬರುವುದಿಲ್ಲ ಎಂದರು.

"ಹಂಗಾರ ಈಗ ಮಾಡ್ರಿ. ಹೊತ್ತ ಮುಳಗೂದರಾಗ ಮುಗಸ್ರಿ." ನೋವು ತಿಳಿಯದಿರಲೆಂದು ಮೊದಲು ಹಾಕುವ ಹನಿಯೂ ಗಂಟಲಿಗೆ ಇಳಿಯುತ್ತದಲ್ಲ, ಅದಕ್ಕೆ. ಡಾಕ್ಟರರು ಗೋಡೆಯ ಗಡಿಯಾರ ನೋಡಿದರು, ಕಿಟಕಿಯ ಬಿಸಿಲು ನೋಡಿದರು, ಅಂಗಿಯ ತೋಳು ಮಡಚಿದರು.

ನಾನು ಅವಳ ತಲೆ ಹಿಡಿದಿದ್ದೆ. ಕಣ್ಣಿನ ಹತ್ತಿರ ಆ ಕೆಂಪು ಚುಕ್ಕಿ ಬಂದಾಗ ನಾನು ಕಣ್ಣು ಮುಚ್ಚಿದೆ, ಅವಳು ಮುಚ್ಚುವಂತಿರಲಿಲ್ಲ. ಕೂದಲು ಸುಟ್ಟಂಥ ಸಣ್ಣ ವಾಸನೆ. ಅವಳ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು; ಆ ಬಾತ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಒಂದು ಕಣ್ಣಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಆಯಿತು. ಹೊರಗೆ ಬಂದಾಗ ರಂಕಾಳೆಯ ಕೆರೆಯ ಮೇಲೆ ಇನ್ನೂ ಬಿಸಿಲಿತ್ತು.

ಆ ದಿನ ಹೊತ್ತು ಮುಳುಗಿದ ಮೇಲೆ, ನಾವು ಇಳಿದುಕೊಂಡಿದ್ದ ಬಸ್ತಿಯ ಛತ್ರದಲ್ಲಿ, ಮೊದಲ ಹನಿ ಹಾಕಿದೆ. ಬೆರಳಿಡಲಿಲ್ಲ. ಪದ್ಮಣ್ಣ ಬಗ್ಗಿ ನೋಡುತ್ತ ನಿಂತಿದ್ದ. ಅತ್ತೆ ಗಂಟಲನ್ನು ಆಲಿಸಿದಳು. ಹನಿ ಹೋಗಲು ಒಳಗೆ ದಾರಿಯಿಲ್ಲದೆ, ಕಣ್ಣು ತುಂಬಿ, ತುಳುಕಿ ಕೆನ್ನೆಯ ಮೇಲೆ ಇಳಿಯಿತು. ಎಷ್ಟೋ ವರ್ಷಗಳಿಂದ ಅಲ್ಲಿ ನೀರು ಇಳಿದಿರಲಿಲ್ಲ. ಅದನ್ನು ಏನು ಮಾಡಬೇಕೆಂದು ಅವಳ ಕೈಗೆ ತಕ್ಷಣ ಹೊಳೆಯಲಿಲ್ಲ. ಎತ್ತಿದ ಕೈ ನಡುವೆಯೇ ನಿಂತಿತ್ತು. ಆಮೇಲೆ "ಇಲ್ಲ" ಎಂದಳು. "ಬರಲಿಲ್ಲ."

ರೋಗ ಹೋಗಿಲ್ಲ. ಬೆರಳು ಬಾಯುತ್ತವೆ, ರೊಟ್ಟಿ ನೀರಿಲ್ಲದೆ ಇಳಿಯದು, ಎಡಗಣ್ಣಿನಲ್ಲಿ ಡಾಕ್ಟರರು ಹೇಳಿದ ಮಂಜು ಹಾಗೆಯೇ ಕುಳಿತಿದೆ. ಆದರೆ ಆಮೇಲೆ ಹುಣ್ಣಾಗಲಿಲ್ಲ. ಬಲಗಣ್ಣಿನಿಂದ ಅವಳು ಇವತ್ತಿಗೂ ಅಕ್ಕಿಯಲ್ಲಿನ ಹುಳ ಹುಡುಕಿ, ನೋಯದಂತೆ ಎತ್ತಿ, ಹಿತ್ತಲಿನ ನೆರಳಿಗೆ ಬಿಡುತ್ತಾಳೆ.

ಕೊಲ್ಹಾಪುರದಿಂದ ಬಂದ ಕೆಲವೇ ದಿನಗಳಲ್ಲಿ ಉಪಾಧ್ಯೆಯವರು ಅಂಗಡಿಗೆ ಬಂದರು. ಮುಚ್ಚಂಜೆಯಾಗಿತ್ತು. ನಾನು ಅತ್ತೆಗೆ ಹನಿ ಹಾಕುತ್ತಿದ್ದೆ. ಪದ್ಮಣ್ಣ ಅವರಿಗೆ ನಡೆದದ್ದೆಲ್ಲ ಹೇಳಿದ. ಅವರು ಪಡಸಾಲೆಯವರೆಗೂ ಬಂದು, ಬಗ್ಗಿ ಅತ್ತೆಯ ರೆಪ್ಪೆಯ ಮೂಲೆಯ ಕೆಂಪು ಕಲೆಗಳನ್ನು ನೋಡಿ, ನಾಲಿಗೆ ಲೊಚಗುಟ್ಟಿದರು.

"ಎಂಥಾ ಹುಚ್ಚಿ ಅದಿಯವ್ವಾ ನೀ. ದೋಷಿಲ್ಲ, ಹಾಕ್ಕೋ ಅಂತ ನಾ ಅವತ್ತ ಹೇಳಿರಲಿಲ್ಲೇನು? ನನ್ನ ಮಾತ ಕೇಳಿದ್ರ ಹಿಂಗ ಬೆಂಕೀಲೆ ಸುಡಸ್ಕೊಳ್ಳೂದು ಎಲ್ಲಿ ಬರತಿತ್ತು?"

ಅತ್ತೆ ಮುಖ ಕೆಳಗಿಳಿಸಲಿಲ್ಲ. ಕಣ್ಣಿನಲ್ಲಿ ಹನಿ ತುಂಬಿ ನಿಂತಿತ್ತು, ಚೆಲ್ಲಬಾರದಲ್ಲ. ಹಾಗೆಯೇ ಮೇಲೆ ನೋಡುತ್ತಲೇ ಹೇಳಿದಳು:

"ನೀವು ವ್ರತ ಬಿಡೂ ಹಾದಿ ಹೇಳಿದ್ರಿ ಪಂಡಿತರ. ನಾ ಕೇಳಿದ್ದು ಹಿಡಿಯೂ ಹಾದಿ."